ಅರಳಿಕಟ್ಟೆಯ ಮೇಲೆ ಮಲಗಿದ ಕೊಡೆ

ಅಂಕಮ್ಮ ನೀರಗಂಟಿ ಜವರಯ್ಯನ ಹೆಂಡತಿ. ಕೊತ್ತತ್ತಿಯಾಚೆ, ನಾಲೆಯ ನೀರು ಸೊರಗಿ ಸೊರಗಿ ಕೊನೆಗೆ ಬಂದು ಮುಟ್ಟುವ ದೊಡ್ಡಿ, ಅಂದರೆ ಪುಟ್ಟ ಹಳ್ಳಿ, ಅವರದು. ಗದ್ದೆಗಳಿಗೆ ನೀರು ಬಿಡುವ ಕೆಲಸ ಗಂಡನದಾದರೂ ಅದಕ್ಕೆ ಬೀಳುವ ಬೈಗುಳದಲ್ಲಿ ಅರ್ಧ ಪಾಲು ಇವಳದು.

ಆ ದೊಡ್ಡಿಯಲ್ಲಿ ಒಂದು ನಡವಳಿಕೆ ಇತ್ತು. ಕೊಯ್ಲು ಮುಗಿದ ಮೇಲೆ ನೀರಗಂಟಿ ಅರಳಿಕಟ್ಟೆಗೆ ಬಂದು ತನ್ನ ಕೋಲನ್ನು ಕಲ್ಲಿನ ಮೇಲೆ ಅಡ್ಡ ಮಲಗಿಸಬೇಕು. ದೂರಿದ್ದವರು ಕೋಲಿನ ಮೇಲೆ ಕೈಯಿಟ್ಟು ಕೇಳುತ್ತಾರೆ, ಅವನು ಉತ್ತರ ಹೇಳಬೇಕು. ಉತ್ತರ ಒಪ್ಪಿಗೆಯಾದರೆ ಕೇಳಿದವರೇ ಕೋಲನ್ನೆತ್ತಿ ಅವನ ಕೈಗೆ ಕೊಡುತ್ತಾರೆ. ಅಲ್ಲಿಯವರೆಗೆ ಅವನು ಅದನ್ನು ಮುಟ್ಟುವಂತಿಲ್ಲ. ನೆಂಟರ ಗದ್ದೆಯೇ ಮೊದಲು ನೆನೆದದ್ದೇಕೆ ಎಂದು ಒಂದು ವರ್ಷ ಅಂಕಮ್ಮ ಗಂಡನ ಕೋಲಿನ ಮೇಲೇ ಕೈಯಿಟ್ಟಿದ್ದಳು.

“ಮನೇಲಿ ಕೇಳಿದ್ರೆ ಆಗ್ತಿರ್ನಿಲ್ವಾ?” ಎಂದು ಜವರಯ್ಯ ಗೊಣಗಿದ.

“ಮನೇಲಿ ನೀ ನನ್ ಗಂಡ. ಇಲ್ಲಿ ಊರ ನೀರಗಂಟಿ ಕಣಯ್ಯ.”

ಜವರಯ್ಯ ತೀರಿಕೊಂಡ ಮೇಲೆ, ಎಪ್ಪತ್ತನಾಲ್ಕನೆಯ ಇಸವಿಯ ಸುಮಾರಿಗೆ, ಸರ್ಕಾರದ ಅಭಿವೃದ್ಧಿ ಮಂಡಳಿಯೊಂದು ದೊಡ್ಡಿಯ ಹಳ್ಳದ ಪಕ್ಕ ಬಾವಿ ತೋಡಿಸಿತು. ನಾಲೆ ನೀರು ಮುಟ್ಟದ ಗದ್ದೆಗಳಿಗೆ ಪಂಪು ಹಾಕಿ ನೀರೆತ್ತಿ ಕೊಡುತ್ತೇವೆ ಅಂದರು. ಊರವರೆಲ್ಲ ಮಣ್ಣು ಹೊತ್ತರು. ಪಂಪುಮನೆ ಎದ್ದಿತು, ಕರೆಂಟಿನ ಕಂಬವೂ ಬಂತು, ಪಂಪು ಮಾತ್ರ ಬರಲಿಲ್ಲ. ಒಳಗೆ ಆಡುಗಳು ಮಲಗತೊಡಗಿದವು. ಮಂಡ್ಯದ ಕಚೇರಿಗೆ ಹೋದಾಗಲೆಲ್ಲ ಸಾಹೇಬರು ಮೀಟಿಂಗಿನಲ್ಲಿರುತ್ತಿದ್ದರು. ಅಂಕಮ್ಮನ ಗದ್ದೆ ಬೀಳು ಬಿದ್ದಿತ್ತು. ಈ ಸಲವೂ ನೀರು ಬರದಿದ್ದರೆ ಅದನ್ನು ಮಾರಿ ಕೂಲಿಗೆ ಹೋಗುವುದೊಂದೇ ಅವಳಿಗೆ ಉಳಿದದ್ದು.

ಆ ಬೇಸಿಗೆ ಮಂಡಳಿಯ ಸಾಹೇಬರು ಅನಂತರಾಮು, ಗೋದಾಮಿಗೆ ಜಾಗ ನೋಡಲೆಂದು ದೊಡ್ಡಿಗೆ ಬಂದರು. ಜೀಪು ರಸ್ತೆಯಲ್ಲೇ ನಿಂತಿತು. ಬಿಸಿಲಲ್ಲಿ ನಡೆದು ಬಂದವರು ಅರಳಿಮರದ ನೆರಳಿಗೆ ಸೇರಿ, ಕೊಡೆ ಮಡಿಚಿ ಕಲ್ಲಿನ ಮೇಲೆ ಅಡ್ಡಲಾಗಿ ಇಟ್ಟು, ಮುಖ ಒರೆಸಿಕೊಂಡರು.

ಕಟ್ಟೆಯ ಸುತ್ತ ಇದ್ದವರು ಕೊಡೆಯ ಕಡೆ ತಿರುಗಿದರು.

“ಲೇ, ಸಾಯೇಬ್ರು ಮಲಗ್ಸವ್ರೆ ಕಣ್ಲಾ,” ಎಂದ ಹಿರಿಯ ಕೆಂಪಸಿದ್ದಯ್ಯ. “ಎಲ್ರನೂ ಕೂಗು.”

ಧೂಳುಗಾಲಲ್ಲೇ ಜನ ಓಡಿ ಬಂದು ಸುತ್ತ ಕುಳಿತರು. ಅನಂತರಾಮು ಅವರಿಗೆ ಸಂಕೋಚವಾಯಿತು. “ಹಾರ ಗೀರ ಏನೂ ಬೇಡಪ್ಪ.”

“ತಂದಿಲ್ಲ ಬುಡಿ ಸ್ವಾಮಿ,” ಎಂದ ಕೆಂಪಸಿದ್ದಯ್ಯ.

ಅಂಕಮ್ಮ ಎದ್ದು ಬಂದು ಕೊಡೆಯ ಮೇಲೆ ಕೈಯಿಟ್ಟಳು. “ನಮ್ ಪಂಪೆಲ್ಲಿ ಸ್ವಾಮಿ?”

“ಅದನ್ನ ಆಫೀಸಿಗೆ ಬಂದು ಕೇಳಮ್ಮ. ಕೊಡೆ ಕೊಡು.”

“ಉತ್ರ ಏಳ್ದೆ ಎತ್ತಂಗಿಲ್ಲ.”

ಕೆಂಪಸಿದ್ದಯ್ಯ ಊರಿನ ನಡವಳಿಕೆ ವಿವರಿಸಿದ. ಸಾಹೇಬರು ನಕ್ಕರು. ಬೇರೆ ಯಾರೂ ನಗಲಿಲ್ಲ.

“ನಾನು ಗೊತ್ತಿಲ್ಲದೆ ಇಟ್ಟದ್ದಮ್ಮ.”

“ನಮ್ ಯಜಮಾನ್ರು ಗೊತ್ತಿದ್ದೇ ಇಡ್ತಿದ್ರು. ಇಬ್ರೂ ಊರ ಕೆಲ್ಸದೋರೇ ಅಲ್ವಾ?”

ಅವಳು ಕೊಡೆಯನ್ನು ಇನ್ನಷ್ಟು ಒತ್ತಿ ಹಿಡಿದಳು. ಮುದುಕಿಯ ಕೈ, ಸರಿಸಬಹುದಿತ್ತು. ಸಾಹೇಬರು ಸರಿಸಲಿಲ್ಲ. ಕಟ್ಟೆಯಂಚಿಗೆ ಕುಳಿತು, ತಗ್ಗಿದ ದನಿಯಲ್ಲಿ ಹೇಳಿದರು. ಪಂಪು ಬಂದಿತ್ತು. ದೊಡ್ಡವರು ಬಂದಾಗ ತೋರಿಸಲೆಂದು ಹೆದ್ದಾರಿ ಪಕ್ಕದ ಊರಿಗೆ ಒಯ್ದು ಹಾಕಿದ್ದರು, ಅದು ಅಲ್ಲೇ ಉಳಿಯಿತು.

“ಮಣ್ಣೊರಕೆ ನಮ್ಮೂರು, ತೋರ್ಸಕೆ ಅವ್ರೂರಾ?”

“ತಪ್ಪಾಗಿದೆಯಮ್ಮ.”

“ತಪ್ಪಾಯ್ತು ಅಂದ್ರೆ ಗದ್ದೆ ನೆನೆಯಾಕಿಲ್ಲ ಸ್ವಾಮಿ.” ಅವಳು ಕೈ ತೆಗೆಯಲಿಲ್ಲ.

ಅನಂತರಾಮು ಎದ್ದು, ಬರಿತಲೆಯಲ್ಲೇ ಬಿಸಿಲಿಗಿಳಿದು ಜೀಪಿನ ಕಡೆ ನಡೆದರು. ಕೊಡೆ ಕಲ್ಲಿನ ಮೇಲೆ ಉಳಿಯಿತು. ಮಳೆ ಹನಿದಾಗಲೂ ಯಾರೂ ಅದನ್ನು ಬಿಚ್ಚಲಿಲ್ಲ. ಅಂಕಮ್ಮ ದಿನಾ ಬೆಳಿಗ್ಗೆ ಅದರ ಮೇಲಿನ ಅರಳಿ ಎಲೆಗಳನ್ನು ಗುಡಿಸುವಳು.

ಮುಂಗಾರಿಗೆ ಮೊದಲೇ ಒಂದು ಲಾರಿ ಬಂತು. ಮುಂದಿನ ಸೀಟಿನಿಂದ ಅನಂತರಾಮು ಇಳಿದರು. ಆಡುಗಳನ್ನು ಹೊರಗಟ್ಟಿ ಪಂಪು ಕೂರಿಸಿದರು. ನೀರು ಕಾಲುವೆ ಹಿಡಿದು ಬರುವಾಗ ಅಂಕಮ್ಮ ಅದರ ಜೊತೆಜೊತೆಗೇ ನಡೆದು, ತನ್ನ ಗದ್ದೆಯ ಕೊನೆಯ ಮೂಲೆ ನೆನೆಯುವವರೆಗೆ ಬದುವಿನಲ್ಲಿ ನಿಂತಿದ್ದಳು. ಆಮೇಲೆ ಒದ್ದೆಗಾಲಲ್ಲೇ ಕಟ್ಟೆಗೆ ಬಂದು, ಕೊಡೆಯನ್ನು ಸೆರಗಿನಲ್ಲಿ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಸಾಹೇಬರಿಗೆ ಕೊಟ್ಟಳು. ಊರ ಮುಂದೆ ಅಷ್ಟು ನೆಟ್ಟಗೆ ಅವಳು ನಿಂತದ್ದನ್ನು ಯಾರೂ ನೋಡಿರಲಿಲ್ಲ.

“ಬಿಚ್ಚಿ ನೋಡ್ಕಳಿ ಸ್ವಾಮಿ,” ಅಂದಳು. “ಇಲಿ ಗಿಲಿ ಕಡ್ದಿದ್ರೆ ಕೇಳಿ. ಉತ್ರ ನಾವೇಳ್ತೀವಿ.”