ನೀರು ಹಿಡಿಯೋ ಗುಳಿಗಿ

ನಮ್ಮಕ್ಕನ ಮಾರಿ ನೋಡಿದರ ಇವತ್ತಿಗೂ ನನ್ನ ಹೊಟ್ಟಿ ಉರೀತೈತಿ. ಸುಳ್ಳು ಯಾಕ ಹೇಳ್ಲಿ? ಒಂದ ತಾಯಿ ಹಾಲು ಕುಡದಾಕಿ, ನಾಲ್ಕು ಮಂದಿ ಮುಂದ ನನ್ನ ಕೈಬಿಟ್ಟಳು.

ನನಗ ಹುಟ್ಟಿದಾಗಿಂದ ಸಿಕಲ್ ಸೆಲ್ ಐತಿ. ಅವ್ವ, ಅಪ್ಪ ಇಬ್ಬರ ರಕ್ತದಿಂದಲೂ ಇಳದು ಬರೋ ಬ್ಯಾನಿ ಅದು. ಲಿಂಗಸುಗೂರಿನ ಡಾಕ್ಟರು ಹಾಳಿ ಮ್ಯಾಲೆ ಚಿತ್ರಾ ಬರದು ತೋರಿಸಿದ್ರು. ರಕ್ತದ ಕೆಂಪು ಕಣದಾಗಿನ ಉಪ್ಪು ಸೋರತೈತಂತ, ಅದರ ಬೆನ್ನಹಿಂದ ನೀರೂ ಹೊಂಟು ಹೋಗತೈತಂತ. ನೀರಾರಿದ ಕಣ ಕುಡಗೋಲಿನಂಗ ಬಾಗಿ ಸಣ್ಣ ನರದಾಗ ಸಿಕ್ಕೊಂತೈತಿ. ಆಗ ಎಲುಬಿನಾಗ ಏಳೋ ನೋವು ವೈರಿಗೂ ಬ್ಯಾಡ್ರಿ.

ದಿನಾ ನುಂಗೋ ಗುಳಿಗಿ ಜೊತಿಗೆ ಅವರು ಮೆಗ್ನೀಸಿಯಮ್ಮಿಂದು ಇನ್ನೊಂದು ಕೊಟ್ಟರು. "ಕಣದಾಗಿನ ನೀರು ಸೋರೋದು ಇದರಿಂದ ಕಮ್ಮಿ ಆದೀತು ಅಂತ ಒಂದು ಆಸೆ, ತಂಗಿ. ಖಾತ್ರಿ ಇಲ್ಲ. ಇಂಥಾದ್ದ ಇನ್ನೊಂದು ಔಷಧ ರಕ್ತದ ಅಂಶ ಏರಿಸಿತು, ನೋವು ಮಾತ್ರ ಇಳಿಸಲಿಲ್ಲ. ನೀ ನೀರು ಕುಡಿಯೋದು ಬಿಡಬ್ಯಾಡ" ಅಂದ್ರು. ನನ್ನ ಕಿವಿಗೆ ಆಸೆ ಅನ್ನೋದೊಂದ ಬಿತ್ತು. ನಮ್ಮೂರು ಮಸ್ಕಿಗೆ ಬಂದಕೂಡಲೇ ಅಕ್ಕನ ಮುಂದ, "ನೀರು ಹಿಡಿಯೋ ಗುಳಿಗಿ ಕೊಟ್ಟಾರಬೇ!" ಅಂತ ಕುಣದಾಡಿದೆ.

ಅಕ್ಕ ನಮ್ಮ ನಾಟಿ ಗುಂಪಿನ ಮೇಸ್ತ್ರಿ. ಸಸಿ ಹಚ್ಚೋ ದಿನದಾಗ ನಾವು ಹೆಣ್ಣಮಕ್ಕಳೆಲ್ಲ ಟಂಟಂ ಗಾಡಿ ಹತ್ತಿ ಬಳಗಾನೂರು ಕಡೆ ಹೋಗ್ತಿದ್ವಿ. ಕಾಲುವಿ ಕೆಳಗಿನ ಗದ್ದಿ ಅಂದ್ರ ಬರೇ ಬಯಲು, ಮರಿಗೆ ಒಂದು ಜಾಲಿಗಿಡಾನೂ ಇಲ್ಲ. ಒಂದಕ್ಕ ಎಲ್ಲಿ ಕುಂದರೋದು? ಅದಕ್ಕ ಯಾರೂ ಮುಂಜಾನಿಂದ ನೀರ ಕುಡಿಯಂಗಿಲ್ಲ. ಮತ್ತ ಒಬ್ಬಾಕಿ ಎದ್ದರ ಸಾಲು ಕೆಡತೈತಿ, ಉಳದವರೆಲ್ಲ ನಿಂದರಬೇಕು. ಕೊಡದಾಗಿನ ನೀರು ಬದುವಿನ ಮ್ಯಾಲೆ ಸುಮ್ಮನ ಕಾಯ್ತಿತ್ತು.

ನನ್ನ ಬ್ಯಾನಿ ಗುಂಪಿನಾಗ ಗೊತ್ತಿದ್ದದ್ದು ಅಕ್ಕಗ ಒಬ್ಬಾಕಿಗೆ. ಮಂದಿಗೆ ಹೇಳಬ್ಯಾಡ ಅಂತ ಆಣಿ ಹಾಕಿಸಿದಾಕಿನೂ ಆಕಿನ. "ನಮ್ಮ ಮನಿತನದಾಗ ರೋಗ ಐತಿ ಅಂದ್ರ ನಾಳೆ ನನ್ನ ಮಗಳನ್ನ ಯಾರು ಕೇಳಾಕ ಬರ್ತಾರ? ನಿನಗ ನೀರಡಿಸಿದಾಗ ಎದ್ದು ಹೋಗು, ನಾ ಅದೀನಿ" ಅಂದಿದ್ದಳು. ನಾನು ಆ ಮಾತು ನಂಬಿ ಬಾಯಿ ಮುಚ್ಚಿಕೊಂಡೆ.

ಒಂದಿನ ಬಿಸಿಲು ನೆತ್ತಿ ಸುಡಾಕತ್ತಿತ್ತು. ಮೂರನೇ ಸಲ ನೀರಿಗೆ ಎದ್ದೆ. "ಏನಬೇ ಮೇಸ್ತ್ರಿ, ನಿನ್ನ ತಂಗಿ ಏನು ರಾಣೀನ?" ಅಂತ ಒಬ್ಬಾಕಿ ಚೀರಿದಳು. ಎಲ್ಲಾರೂ ಅಕ್ಕನ ಕಡೆ ನೋಡಿದ್ರು. ನಾನೂ ನೋಡಿದೆ. ಅಕ್ಕ ಬಗ್ಗಿಸಿದ ತಲಿ ಎತ್ತಲಿಲ್ಲ. "ಮೈಗಳ್ಳಿ ಆಕಿ. ಸಣ್ಣಾಕಿದ್ದಾಗಿಂದ ಹಿಂಗ" ಅಂದುಬಿಟ್ಟಳು.

ಎಲ್ಲಾರೂ ನಕ್ಕರು. ಬೇಲೀನ ಎದ್ದು ಹೊಲಾ ಮೇಯ್ದರ ಯಾರಿಗೆ ಹೇಳೋದು? ನೀರು ಮುಟ್ಟದ ವಾಪಸ್ ಬಂದೆ. ಪಕ್ಕಕ್ಕ ಬಂದಾಗ ಅಕ್ಕ ಕಿವಿಯಾಗ, "ನೀರು ಹಿಡಿಯೋ ಗುಳಿಗಿ ನುಂಗೀದಿಲ್ಲ? ಮತ್ಯಾಕ ಪದೇಪದೇ ನೀರು?" ಅಂದಳು. ಆ ಹೊತ್ತಿನಾಗ ಅದು ನನಗೂ ಖರೇ ಅನಿಸಿತು, ನೋಡ್ರಿ ನನ್ನ ಶ್ಯಾಣ್ಯಾತನ! ಸಂಜಿತನಕ ಒಂದು ಗುಟುಕು ಕುಡೀಲಿಲ್ಲ.

ಮನಿಗೆ ಬರೋವಾಗ ಟಂಟಂನಾಗ ತೊಡಿ ಎಲುಬು ಒಡದಂಗಾಗಿ ಚೀರಾಕತ್ತಿದೆ. ಸಿಂಧನೂರಿನ ದವಾಖಾನ್ಯಾಗ ಸಲೈನ್ ಹಚ್ಚಿದ್ರು. ಅಲ್ಲಿನವರು ರಕ್ತ ತಪಾಸಣಿ ಕಾಗದ ನೋಡಿ, "ರಕ್ತದ ಅಂಶ ಮೊದಲಿಗಿಂತ ಏರೇತಿ, ಚಲೋ ಆತು" ಅಂದ್ರು. ನಾನು ಮಂಚದ ಸರಳು ಹಿಡದು ಒದ್ದಾಡಾಕತ್ತೀನಿ, ಇವರು ಚಲೋ ಆತು ಅಂತಾರ! ಡಾಕ್ಟರು ಮೊದಲ ಹೇಳಿದ್ರು ಖರೇ, ಆದರೂ ಆ ಗುಳಿಗಿ ಮ್ಯಾಲೆ ಸಿಟ್ಟು ಬಂತು. ಅಕ್ಕನ ಮ್ಯಾಲೆ ಬಂದಷ್ಟು ಬರಲಿಲ್ಲ. ಆಕಿ ನೋಡಾಕ ಸೈತ ಬರಲಿಲ್ಲ. ನಾಟಿ ಮುಗಿದಿಲ್ಲ ಅಂತ ಹೇಳಿಕಳಿಸಿದ್ದಳು.

ಹೋದ ತಿಂಗಳು ಶಾಲ್ಯಾಗ ಮಕ್ಕಳ ರಕ್ತ ತಪಾಸಣಿ ಮಾಡಿದ್ರು. ಅಕ್ಕನ ಗಂಡ ನಮ್ಮ ಸ್ವಂತ ಸೋದರಮಾವ. ರಕ್ತಕ್ಕ ರಕ್ತ ಕೂಡಿತ್ತು. ಅಕ್ಕನ ಮಗಳಿಗೂ ಅದ ಬ್ಯಾನಿ ಬಂದೈತಿ.

ಅದು ಗೊತ್ತಾದ ದಿನ ನಡುಮಧ್ಯಾಹ್ನ ಆ ಕೂಸಿನ ಕೈಹಿಡಕೊಂಡು ಅಕ್ಕ ನಮ್ಮನಿಗೆ ಬಂದಳು. "ಆ ಗುಳಿಗಿ ಹೆಸರು ಬರಕೊಡು" ಅಂತ ಅಳಾಕತ್ತಿದಳು. "ಬರೇ ಹೆಸರು ತಗೊಂಡು ಏನು ಮಾಡ್ತಿ? ಲಿಂಗಸುಗೂರಿಗೆ ಕರಕೊಂಡು ಹೋಗು" ಅಂತ ಡಾಕ್ಟರ ಚೀಟಿ ಕೊಟ್ಟೆ. ಹುಡುಗಿಗೆ ತಂಬಗಿ ತುಂಬ ನೀರು ಕೊಟ್ಟೆ. ಬಿಸಿಲಾಗ ನಡದು ಬಂದಿತ್ತು ಪಾಪ, ಗಟಗಟ ಕುಡೀತು.

ನನಗ ತಡಕೊಳ್ಳಾಕ ಆಗಲಿಲ್ಲ, ಕೇಳೇಬಿಟ್ಟೆ: "ನಾಳೆ ಈಕಿ ನೀರಿಗೆ ಎದ್ದಾಗ ಮಂದಿ ನಕ್ಕರ, ಏನಂತೀಯಕ್ಕಾ?"

ಹುಡುಗಿ ತಂಬಗಿ ಕೆಳಗಿಟ್ಟು ಅವ್ವನ ಮಾರಿ ನೋಡಿತು.

ಅಕ್ಕ ಸೆರಗಿನಿಂದ ಕಣ್ಣು ಒರಸಿಕೊಂಡು, "ಮೊದಲ ಆ ಬಾಗಲಾ ಹಾಕು, ಯಾರರ ಕೇಳ್ಯಾರು" ಅಂದಳು.