ಬೆಕ್ಕಿನ ಹೆಜ್ಜೆ

ನಮ್ಮ ಮಗಳು ಓಡಲು ಕಲಿತ ವರ್ಷವೇ ನಾವು ನಾಗರಬಾವಿಯಲ್ಲಿ ಮೊದಲ ಮಹಡಿಯ ಬಾಡಿಗೆ ಮನೆಗೆ ಬಂದೆವು. ಎರಡೂ ಒಟ್ಟಿಗೆ ಆಗಬಾರದಿತ್ತು. ಮಗು ನಡುಮನೆಯಲ್ಲಿ ನಾಲ್ಕು ಹೆಜ್ಜೆ ಓಡಿದರೆ ಸಾಕು, ಕೆಳಗಿನಿಂದ ಓನರ್ ಆಂಟಿ ನೆಲ ಒರೆಸುವ ಕೋಲಿನಲ್ಲಿ ತಮ್ಮ ಸೂರಿಗೆ ಟಕ್ ಟಕ್ ಎಂದು ಕುಟ್ಟುತ್ತಿದ್ದರು. ಒಂದು ದಿನ ಮೆಟ್ಟಿಲಿಗೆ ಅಡ್ಡ ನಿಂತು ಕೇಳಿಯೇಬಿಟ್ಟರು.

"ಏನಮ್ಮಾ, ಮೇಲೆ ಕುದುರೆ ಕಟ್ಕೊಂಡಿದೀರಾ?"

ನಾನು ಹಲ್ಲು ಕಿರಿದೆ. ಆ ಹಲ್ಲು ಕಿರಿದದ್ದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿಯುತ್ತ ಬಂದಿತ್ತು, ಮುಂದುವರಿಸುವುದೂ ಬಿಡುವುದೂ ಅವರ ಕೈಯಲ್ಲಿತ್ತು.

ಹಾಗಾಗಿ ನಾನೇ ಒಂದು ಆಟ ಕಟ್ಟಿದೆ. ಅದರ ಹೆಸರು ಬೆಕ್ಕಿನ ಹೆಜ್ಜೆ. ಹಿಮ್ಮಡಿ ನೆಲಕ್ಕೆ ತಾಗಬಾರದು, ತುದಿಗಾಲಲ್ಲೇ ನಡೆಯಬೇಕು, ತುಟಿಯ ಮೇಲೆ ಬೆರಳಿಟ್ಟು "ಶ್... ಅಜ್ಜಿ ಮಲ್ಗಿದಾರೆ" ಎನ್ನಬೇಕು. ಅಜ್ಜಿ ಎಂದರೆ ಕೆಳಗಿನ ಓನರ್ ಆಂಟಿ. ಎರಡೂವರೆ ವರ್ಷದ ಮಗು ಎರಡೇ ವಾರದಲ್ಲಿ ಕಲಿತುಬಿಟ್ಟಿತು. ನಮ್ಮವರು ಭೇಷ್ ಎಂದರು. ನಾನೂ ಬೀಗಿದೆ.

ಆದರೂ ಮಗುವಲ್ಲವೇ? ಭಾನುವಾರ ಪಾರ್ಕಿಗೆ ಹೋಗೋಣ, ಅಲ್ಲಿ ಧಬಧಬ ಅಂತ ಎಷ್ಟು ಬೇಕಾದರೂ ಓಡಬಹುದು ಎಂದು ಇಡೀ ವಾರ ಆಸೆ ಹುಟ್ಟಿಸಿದ್ದೆ. ದುಡ್ಡು ಕೊಟ್ಟು ಮಗುವನ್ನು ಕುಣಿಸುವ ಶಾಪಿಂಗ್ ಮಾಲು ನಮಗೆ ಬೇಕಿರಲಿಲ್ಲ. ಬಸ್ಸು ನನಗೆ ಉಚಿತ, ಮಗುವಿಗೆ ಟಿಕೆಟ್ಟೇ ಇಲ್ಲ, ಪಾರ್ಕಂತೂ ಸಾರ್ವಜನಿಕರದ್ದು. ಹಾಗೆಂದು ನಂಬಿದ್ದೆ.

ಆದರೆ ಭಾನುವಾರ ಎಂದರೆ ನಮ್ಮಲ್ಲಿ ಎಣ್ಣೆಸ್ನಾನ. ಅದನ್ನು ತಪ್ಪಿಸುವ ಧೈರ್ಯ ನನಗಿರಲಿಲ್ಲ. ವಾರವಾರ ಅಮ್ಮ ಫೋನ್ ಮಾಡಿ ಮೊದಲು ಕೇಳುವುದೇ "ಮಗೂಗೆ ಎಣ್ಣೆ ಹಚ್ಚಿದ್ಯೇನೇ?" ಎಂದು. ಹರಳೆಣ್ಣೆ ತಿಕ್ಕಿ, ನೆನೆಸಿ, ಅಳುವ ಮಗುವಿನ ತಲೆಗೆ ಸೀಗೆಪುಡಿ ಹಾಕಿ ತೊಳೆದು, ಸಾಂಬ್ರಾಣಿ ಹೊಗೆಯಲ್ಲಿ ಕೂದಲು ಆರಿಸಿ ಹೊರಟೆವು. ಬಸವೇಶ್ವರನಗರದ ಪಾರ್ಕೊಂದರ ಗೇಟಿಗೆ ಬಂದಾಗ ಹತ್ತು ಗಂಟೆ ಹತ್ತು ನಿಮಿಷ.

ಬೀಗ ಹಾಕಿತ್ತು. ಬೆಳಿಗ್ಗೆ ಐದರಿಂದ ಹತ್ತು, ಸಂಜೆ ನಾಲ್ಕರಿಂದ ಎಂಟು ಎಂದು ಬೋರ್ಡು. ಒಳಗೆ ವಾಚ್‌ಮನ್ ಕಲ್ಲುಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಿದ್ದ.

"ಅಣ್ಣ, ಹತ್ತೇ ನಿಮಿಷ ತೆಗೀರಿ. ಮಗು ಸ್ವಲ್ಪ ಆಡ್ಕೊಳ್ಳಿ."

"ಆಗಲ್ಲ ಮೇಡಂ, ನಾಲ್ಕ್ ಗಂಟೆಗೆ ಬನ್ನಿ. ಮೇಲ್ನೋರು ಬೈತಾರೆ."

ಊರಿಗೆಲ್ಲ ಮೇಲಿನವರ ಕಾಟ, ನಮಗೊಬ್ಬರಿಗೇ ಕೆಳಗಿನವರದ್ದು. ಬೆಳಿಗ್ಗೆ ಐದಕ್ಕೆ ಯಾವ ಮಗು ಉಯ್ಯಾಲೆ ಆಡಲು ಬರುತ್ತದೆ? ಈ ಟೈಮು ಬರೆದವನು ಜನ್ಮದಲ್ಲಿ ಒಂದು ಮಗುವಿಗೆ ಒಂದು ತುತ್ತು ಉಣಿಸಿರಲಿಕ್ಕಿಲ್ಲ ಎಂದು ಗೇಟಿನ ಮುಂದೆಯೇ ಕೂಗಾಡಿದೆ.

"ಬಿಡೇ, ಅವ್ನದೇನ್ ತಪ್ಪು" ಎಂದರು ನಮ್ಮವರು. ಈ ಮನುಷ್ಯನಿಗೆ ಯಾರ ಮೇಲೂ ಸಿಟ್ಟು ಬರುವುದಿಲ್ಲ. ಅವರ ಪಾಲಿನ ಸಿಟ್ಟನ್ನೂ ನಾನೇ ಮಾಡಿಕೊಳ್ಳಬೇಕು. ಮಗಳು ಗೇಟಿನ ಸರಳಿಗೆ ಕೆನ್ನೆ ಒತ್ತಿ ಒಳಗಿನ ಖಾಲಿ ಉಯ್ಯಾಲೆಯನ್ನೇ ನೋಡುತ್ತಿದ್ದಳು.

ಮನೆಗೆ ಹೋದರೆ ಮತ್ತೆ ಬೆಕ್ಕಿನ ಹೆಜ್ಜೆ. ಅದಕ್ಕೇ ಹೋಗಲಿಲ್ಲ. ಬಸ್‌ಸ್ಟಾಪಿನ ನೆರಳಲ್ಲಿ ಮಧ್ಯಾಹ್ನದವರೆಗೆ ಕೂತು, ಡಬ್ಬಿಯ ಚಿತ್ರಾನ್ನ ತಿಂದು, ಕೆಂಗೇರಿ ಕಡೆಯ ಬಸ್ಸು ಹತ್ತಿ ಕೊನೆಯ ಸ್ಟಾಪಿನವರೆಗೆ ಹೋದೆವು, ಅದೇ ಬಸ್ಸಿನಲ್ಲಿ ವಾಪಸ್ ಬಂದೆವು. ಹೋಗುವಾಗ ಮಗಳು ಕಿಟಕಿಯಿಂದ ಕಂಡ ನಾಯಿಗಳಿಗೆಲ್ಲ ಟಾಟಾ ಮಾಡಿದಳು. ಬರುವಾಗ ನನ್ನ ತೊಡೆಯ ಮೇಲೆ ನಿದ್ದೆ ಹೋದಳು. ಎಣ್ಣೆಸ್ನಾನದ ನಿದ್ದೆ, ಬಸ್ಸು ಎಷ್ಟು ಕುಲುಕಿದರೂ ಎಚ್ಚರವಾಗಲಿಲ್ಲ.

ನಾಲ್ಕಕ್ಕೆ ಗೇಟು ತೆಗೆದರು. ನಮ್ಮ ಜೊತೆಗೇ ವಾಕಿಂಗಿನವರೂ ನುಗ್ಗಿದರು. ಹುಲ್ಲಿನ ಸುತ್ತ ತಂತಿ, ತಂತಿಗೊಂದು ಬೋರ್ಡು: ಹುಲ್ಲಿನ ಮೇಲೆ ನಡೆಯಬೇಡಿ. ಸರಿ, ಮಗುವನ್ನು ನಡೆಯುವ ದಾರಿಗೇ ಬಿಟ್ಟೆ. ಅವಳು ಎರಡು ಹೆಜ್ಜೆ ಇಟ್ಟಿರಲಿಲ್ಲ, ಬಿಳಿ ಶೂ ಹಾಕಿದ ಹಿರಿಯರೊಬ್ಬರು ನಿಂತರು.

"ಮೇಡಂ, ಮಗೂನ ಟ್ರ್ಯಾಕ್ ಮೇಲೆ ಬಿಡ್ಬೇಡಿ. ವಾಕ್ ಮಾಡೋರಿಗೆ ತೊಂದ್ರೆ ಆಗುತ್ತೆ."

ಇಷ್ಟು ದಿನ ನುಂಗಿಕೊಂಡದ್ದೆಲ್ಲ ಬಾಯಿಗೆ ಬಂತು.

"ಮನೇಲಿ ಓಡೋ ಹಾಗಿಲ್ಲ, ಹುಲ್ ಮೇಲೆ ಓಡೋ ಹಾಗಿಲ್ಲ, ಇಲ್ಲೂ ಓಡೋ ಹಾಗಿಲ್ಲ. ಮಗೂನ ಇನ್ನೆಲ್ಲಿ ಬಿಡ್ಲಿ ಸಾರ್, ಮೋರೀಲಾ? ನೀವೇ ಹೇಳಿ, ಅಲ್ಲೇ ಬಿಡ್ತೀನಿ!"

ಅವರು ಏನೋ ಗೊಣಗಿಕೊಂಡು ಮುಂದೆ ಹೋದರು. ಜನ ನೋಡುತ್ತಿದ್ದರು. ನೋಡಲಿ ಎಂದುಕೊಂಡೆ. ಮಗಳನ್ನು ಎತ್ತಿ, ತಂತಿ ದಾಟಿಸಿ, ಆ ಬೋರ್ಡಿನ ಬುಡದಲ್ಲೇ ಹುಲ್ಲಿನ ಮೇಲೆ ಇಳಿಸಿದೆ.

"ಓಡು ಪುಟ್ಟಿ. ಧಬಧಬ ಅಂತ ಓಡು. ಯಾರೇನಂತಾರೋ ನಾನ್ ನೋಡ್ತೀನಿ."

ಅವಳು ಅಷ್ಟಗಲದ ಹುಲ್ಲನ್ನು ನೋಡಿದಳು. ನನ್ನ ಕಡೆ ತಿರುಗಿದಳು. ಆಮೇಲೆ ಎರಡೂ ಹಿಮ್ಮಡಿ ಎತ್ತಿ, ತುಟಿಗೆ ಬೆರಳಿಟ್ಟು "ಶ್... ಅಜ್ಜಿ ಮಲ್ಗಿದಾರೆ" ಎಂದು ತುದಿಗಾಲಲ್ಲಿ ನಡೆಯತೊಡಗಿದಳು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹಾಗೇ ಹೋದಳು. ಒಂದು ಸಲವೂ ಹಿಮ್ಮಡಿ ಊರಲಿಲ್ಲ.

ಬೆಳಗಿನಿಂದ ವಾಚ್‌ಮನ್‌ನನ್ನು ಬೈದಿದ್ದೆ, ಬೋರ್ಡು ಬರೆದವರನ್ನು ಬೈದಿದ್ದೆ, ಆ ಹಿರಿಯರನ್ನು ಬೈದಿದ್ದೆ. ಓನರ್ ಆಂಟಿಯಾದರೂ ತಮ್ಮ ಸೂರನ್ನಷ್ಟೇ ಕುಟ್ಟಿದ್ದರು. ಮಗುವಿನ ಹಿಮ್ಮಡಿ ಎತ್ತಿ ಹಿಡಿದವಳು ನಾನು. ಅವತ್ತು ನನ್ನ ಮೇಲೆ ನನಗೆ ಬಂದಷ್ಟು ಸಿಟ್ಟು ಇನ್ನಾರ ಮೇಲೂ ಬಂದಿಲ್ಲ.

ಮನೆಗೆ ಬಂದಾಗ ಓನರ್ ಆಂಟಿ ಗೇಟಿನ ಬಳಿ ತುಳಸಿಗೆ ದೀಪ ಇಡುತ್ತಿದ್ದರು.

"ಇವತ್ತು ಮನೆ ಎಷ್ಟ್ ಪ್ರಶಾಂತವಾಗಿತ್ತು ಗೊತ್ತಾಮ್ಮಾ? ವಾರವಾರ ಹೀಗೇ ಹೋಗ್ತಾ ಇರಿ."

ಮಗಳು ಆಗಲೇ ತುದಿಗಾಲಲ್ಲಿ ಮೆಟ್ಟಿಲು ಹತ್ತಲು ಶುರು ಮಾಡಿದ್ದಳು. ನಾನು ಅವಳ ಕೈ ಹಿಡಿದು, ಮೊದಲ ಮೆಟ್ಟಿಲನ್ನು ಧಬ್ ಎಂದು ತುಳಿದೆ. ಎರಡನೆಯದನ್ನೂ ತುಳಿದೆ.

"ಏನೇ ಇದು, ಅಗ್ರಿಮೆಂಟು..." ಎಂದು ಹಿಂದಿನಿಂದ ನಮ್ಮವರು ಪಿಸುಗುಟ್ಟಿದರು.

ಮೂರನೆಯ ಮೆಟ್ಟಿಲಲ್ಲಿ ಮಗಳು ತನ್ನ ಪುಟ್ಟ ಕಾಲನ್ನೆತ್ತಿ ಧಬ್ ಎಂದು ಇಟ್ಟಳು. ಇಟ್ಟವಳೇ ಬೆದರಿ ನನ್ನ ಮುಖ ನೋಡಿದಳು.

"ಇನ್ನೊಂದ್ ಸಲ" ಎಂದೆ.