ಅಪ್ಪನ ತೊಡೆಯ ಮೇಲಿನ ಬಂದೂಕು

ಚುನಾವಣೆ ಘೋಷಣೆಯಾದರೆ ಲೈಸೆನ್ಸ್ ಇರುವ ಬಂದೂಕುಗಳನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕು. ಮತ ಎಣಿಕೆ ಮುಗಿದ ಮೇಲೆ ವಾಪಸ್ ಕೊಡುತ್ತಾರೆ. ರಾಜಾನುಕುಂಟೆಯ ಪಕ್ಕದ ನಮ್ಮ ಊರಿನಲ್ಲಿ ಅಂಥ ಬಂದೂಕು ಇರುವುದು ಒಂದೇ ಮನೆಯಲ್ಲಿ, ಯಜಮಾನರ ಮನೆಯಲ್ಲಿ. ಎರಡು ನಳಿಗೆಯದು, ಅವರ ತಂದೆಯ ಕಾಲದ್ದು. ಯಜಮಾನರು ಜೀಪು ಓಡಿಸುತ್ತಾರೆ. ಹಳೇ ಬೆಡ್‌ಶೀಟಿನಲ್ಲಿ ಸುತ್ತಿದ ಬಂದೂಕನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ಹಿಂದೆ ಕೂರುವವನು ನಮ್ಮಪ್ಪ. ನನಗೆ ನೆನಪಿರುವ ಎಲ್ಲ ಚುನಾವಣೆಗಳಲ್ಲೂ ಹೀಗೇ ನಡೆದಿತ್ತು. ಚಿಕ್ಕವಳಿದ್ದಾಗ ಅದು ನಮ್ಮ ಮನೆತನದ ದೊಡ್ಡಸ್ತಿಕೆ ಎಂದುಕೊಂಡು, "ನಮ್ಮಪ್ಪ ಗನ್ ಇಡ್ಕೊಂಡು ಜೀಪಲ್ಲಿ ಓಯ್ತು" ಎಂದು ಶಾಲೆಯ ತುಂಬ ಹೇಳಿಕೊಂಡು ತಿರುಗಿದ್ದೆ.

ಆ ಬಂದೂಕಿನ ಲೈಸೆನ್ಸಿನಲ್ಲಿ ಕಾರಣ ಎಂಬಲ್ಲಿ 'ಬೆಳೆ ರಕ್ಷಣೆ' ಎಂದಿದೆ. ಯಜಮಾನರ ಜಮೀನಿನಲ್ಲಿ ಈಗ ಬೆಳೆಯುವುದು ಸೈಟುಗಳು ಮಾತ್ರ. ರಾಗಿ ಇದ್ದಲ್ಲಿ ನಂಬರ್ ಬರೆದ ಕಲ್ಲುಗಳು, ದೊಡ್ಡ ಕಮಾನು, ಕಮಾನಿನ ಮೇಲೆ ಯಾರ ಬಾಯಿಗೂ ಬಾರದ ಇಂಗ್ಲಿಷ್ ಹೆಸರು. ಕಾಡುಹಂದಿ ಬಂದರೆ ಕಲ್ಲು ಮೂಸಿ ವಾಪಸ್ ಹೋಗಬೇಕು. ಆದರೂ ಲೈಸೆನ್ಸ್ ನವೀಕರಣ ಆಗುತ್ತಲೇ ಇದೆ.

ಆ ಲೇಔಟಿಗೂ ದೊಡ್ಡಬಳ್ಳಾಪುರ ರಸ್ತೆಗೂ ನಡುವೆ ನಮ್ಮ ಇಪ್ಪತ್ತು ಗುಂಟೆ ಇದೆ. ಊರಾಚೆಯ ದಲಿತ ಕೇರಿಯವನಾದ ನಮ್ಮ ತಾತನಿಗೆ ಸರ್ಕಾರ ಮಂಜೂರು ಮಾಡಿದ ನೆಲ. ಅಪ್ಪ ಅದರಲ್ಲಿ ದಂಟು, ಮೆಂತ್ಯ, ಕೊತ್ತಂಬರಿ ಬೆಳೆದು ಯಲಹಂಕಕ್ಕೆ ಸಾಗಿಸುತ್ತಾನೆ. ಯಜಮಾನರಿಗೆ ಅದರ ಮಧ್ಯೆ ಲೇಔಟಿಗೆ ರಸ್ತೆ ಬೇಕಿತ್ತು. ಕೇಳಿದರು. ಅಪ್ಪ "ಆಮ್ಯಾಕೆ ಏಳ್ತೀನಿ ಸಾಮಿ" ಎಂದ. ಎರಡು ವರ್ಷ ಅದನ್ನೇ ಹೇಳಿದ. ಕೊನೆಗೊಂದು ಬೆಳಿಗ್ಗೆ ಅವ್ವ ಬಗ್ಗಿ ಸೊಪ್ಪು ಕೀಳುತ್ತಿದ್ದಾಗ ಅವಳ ತಲೆಯ ಮೇಲೆ ಗುಂಡು ಹಾರಿತು. ತಲೆಯ ಮೇಲೆ ಅಂದರೆ ಆಕಾಶಕ್ಕೆ. ಯಜಮಾನರು ಬದುವಿನ ಮೇಲೆ ನಿಂತಿದ್ದರಂತೆ.

"ಅಂದಿ ಬಂದಂಗಾಯ್ತು ಕಣಮ್ಮಿ," ಎಂದರಂತೆ. "ಬಗ್ಗಿದ್ಯಲ್ಲ, ಕಾಣ್ಲೇ ಇಲ್ಲ ನೋಡು."

ಅವತ್ತು ಅವ್ವ ಸೊಪ್ಪಿನ ಒಂದು ಕಟ್ಟೂ ಕಟ್ಟಲಿಲ್ಲ. ಬಾಳೆನಾರು ಬೆರಳಿನಿಂದ ಜಾರಿ ಜಾರಿ ಬೀಳುತ್ತಿತ್ತು.

ಅದೇ ತಿಂಗಳು ಸೋಲದೇವನಹಳ್ಳಿಯ ನಮ್ಮ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಇತ್ತು. 'ಆತ್ಮರಕ್ಷಣೆಗಾಗಿ ಬಂದೂಕು ಹೊಂದುವುದು ಎಲ್ಲರ ಹಕ್ಕಾಗಬೇಕು' ಎಂಬುದು ವಿಷಯ. ಚೀಟಿ ಎತ್ತಿದಾಗ ನನಗೆ ಪರ ಬಂತು. ಸಾಮಾನ್ಯವಾಗಿ ಯಾವ ಪಕ್ಷ ಬಂದರೂ ನನಗೆ ಒಂದೇ. ಎರಡನ್ನೂ ಸಮನಾಗಿ ಅನುಮಾನಿಸುವವಳು ನಾನು. ಈ ಸಲ ಮಾತ್ರ ಅವ್ವನ ಬೆರಳು ಕಣ್ಣ ಮುಂದಿತ್ತು. ಬಲವಿದ್ದವನಿಗೆ ಬಂದೂಕು ಇದ್ದೇ ಇದೆ, ಅದನ್ನು ಬೇಡವೆನ್ನುವ ನಿಮ್ಮ ಅಹಿಂಸೆ ಬಲವಿಲ್ಲದವನಿಗೆ ಮಾತ್ರ ಅನ್ವಯಿಸುತ್ತದೆ ಎಂದೆ. ವಿರೋಧ ಪಕ್ಷದಲ್ಲಿದ್ದವಳು ಬಾಗಲಕೋಟೆ ಕಡೆಯ ನನ್ನ ಗೆಳತಿ. ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದಳು: "ಲೈಸೆನ್ಸಿಗೆ ಸಹಿ ಹಾಕೋ ಪೆನ್ನು ಯಾರ ಕೈಯಾಗ ಇರ್ತೈತಿ? ಮೊದ್ಲ ಅದನ್ನ ಹೇಳ್ರಿ."

"ಪೆನ್ನಿಗೇ ಹೆದರೋರು ಬಂದೂಕು ಕೇಳೋದೇ ಬೇಡ ಬಿಡಿ!" ಎಂದೆ.

ಚಪ್ಪಾಳೆಯೋ ಚಪ್ಪಾಳೆ. ಕಪ್ ನನಗೇ ಬಂತು. ಅದು ಉತ್ತರವಲ್ಲ ಎಂದು ನನಗೆ ಆಗಲೇ ಗೊತ್ತಿತ್ತು.

ಬಸ್‌ಸ್ಟಾಪಿನಲ್ಲಿ ಅವಳು, "ಚಲೋ ಮಾತಾಡ್ದಿ. ಉತ್ತರ ಅಷ್ಟ ಕೊಡ್ಲಿಲ್ಲ," ಎಂದಳು.

"ಗೆದ್ದಿದ್ ಯಾರು ಮಚ್ಚಾ?"

"ಕಪ್ ನಿಂದ. ಪ್ರಶ್ನೆ ಇನ್ನೂ ನನ್ನ ಕಡೇನ ಐತಿ."

ಮನೆಗೆ ಹೋದವಳೇ ಅಪ್ಪನ ಬೆನ್ನು ಬಿದ್ದೆ. ನಾವೂ ಲೈಸೆನ್ಸಿಗೆ ಅರ್ಜಿ ಹಾಕೋಣ, ಅವರ ಹತ್ತಿರ ಇರುವುದು ನಮ್ಮ ಹತ್ತಿರವೂ ಇದೆ ಎಂದು ಗೊತ್ತಾದರೆ ಬದುವಿನ ಮೇಲೆ ನಿಲ್ಲುವ ಮೊದಲು ಯೋಚಿಸುತ್ತಾರೆ ಎಂದೆ.

"ಸೊಪ್ಪು ಮಾರೋರ ಮನೇಲಿ ಗನ್ನಾ?" ಎಂದಳು ಅವ್ವ. "ಎಲ್ಲಿ ಮಡಗ್ತೀಯೆ, ಅಕ್ಕಿ ಡಬ್ಬದಾಗಾ?"

ಒಂದು ವಾರದ ಮೇಲೆ ಅಪ್ಪ ತನ್ನ ಆಧಾರ್ ಕಾರ್ಡ್ ತಂದು ನನ್ನ ಮುಂದಿಟ್ಟ. ಅವನು ನನ್ನ ವಾದವನ್ನು ಒಪ್ಪಿದನೋ ಅಥವಾ ಅವ್ವ ಮತ್ತೆ ಹೊಲಕ್ಕೆ ಒಬ್ಬಳೇ ಹೋಗಲು ಹಿಂಜರಿಯುತ್ತಿದ್ದುದನ್ನು ನೋಡಲಾರದೆ ಹೋದನೋ, ಇವತ್ತಿಗೂ ಕೇಳಿಲ್ಲ.

ಸೈಬರ್ ಅಂಗಡಿಯವನು ಕಾರಣದ ಕಾಲಮ್ಮಿಗೆ ಬಂದಾಗ, "ಬೆಳೆ ರಕ್ಷಣೆ ಅಂತ ಹಾಕ್ಬಿಡಿ ಮೇಡಂ, ಎಲ್ರೂ ಅದನ್ನೇ ಹಾಕೋದು," ಎಂದ. ನಮ್ಮ ಹೊಲದಲ್ಲಿ ನಿಜಕ್ಕೂ ಬೆಳೆ ಇತ್ತು. ಅದನ್ನು ಬರೆದಿದ್ದರೆ ಸುಳ್ಳೂ ಆಗುತ್ತಿರಲಿಲ್ಲ. ಆದರೆ ನಾನು ಕಪ್ ಗೆದ್ದವಳು. ಸತ್ಯವನ್ನು ಪುರಾವೆ ಸಮೇತ ಮಂಡಿಸಬೇಕು. 'ಪಕ್ಕದ ಜಮೀನಿನವರಿಂದ ಜೀವಭಯ' ಎಂದು ಬರೆದು, ಗುಂಡು ಹಾರಿದ ದಿನ, ಗಂಟೆ, ಅವ್ವ ಬಗ್ಗಿದ್ದ ಸಾಲು ಎಲ್ಲವನ್ನೂ ಸೇರಿಸಿದೆ.

ವಿಚಾರಣೆಗೆ ಹೆಡ್ ಕಾನ್‌ಸ್ಟೆಬಲ್ ಬಂದರು. ನಮ್ಮ ಮನೆಗಲ್ಲ. "ಅಪ್ಪನ್ನ ಕರ್ಕೊಂಡು ಬರ್ಬೇಕಂತೆ" ಎಂದು ಯಜಮಾನರ ಮನೆಯಿಂದ ಹೇಳಿಕಳಿಸಿದರು.

ಅಪ್ಪ ಜಗಲಿಯ ಕೆಳಗೆ, ಚಪ್ಪಲಿಗಳ ಪಕ್ಕದಲ್ಲಿ ನಿಂತ. ನಾನು ಅವನ ಪಕ್ಕದಲ್ಲಿ ನಿಂತೆ. ಮೇಲೆ ಕುರ್ಚಿಯಲ್ಲಿ ಹೆಡ್ ಕಾನ್‌ಸ್ಟೆಬಲ್, ಕೈಯಲ್ಲಿ ಕಾಫಿ ಲೋಟ. ನಮ್ಮ ಅರ್ಜಿ ಯಜಮಾನರ ಕೈಯಲ್ಲಿತ್ತು.

"ಜೀವಬಯಾನಾ?" ಯಜಮಾನರು ಕನ್ನಡಕ ತೆಗೆದರು. "ಯಾರ್ ಬರ್ದಿದ್ದು ಇದ್ನ?"

"ನಾನು," ಎಂದೆ.

"ಓ, ಬಾಸ್ಣ ಮಾಡೋಳು! ಕಪ್ಪು ತಗಂಡವ್ಳೆ ಸಾರ್ ಇವ್ಳು."

ಹೆಡ್ ಕಾನ್‌ಸ್ಟೆಬಲ್ ಸಮಾಧಾನವಾಗಿಯೇ ಮಾತಾಡಿದರು. "ಅಕ್ಕಪಕ್ಕದೋರ ಹೇಳಿಕೆ ತಗೋಬೇಕಮ್ಮ, ರೂಲ್ಸು. ಪಕ್ಕದ ಜಮೀನು ಇವ್ರದ್ದೇ ತಾನೆ?"

"ಯಾರ ಮೇಲೆ ದೂರು ಇದೆಯೋ ಅವ್ರನ್ನೇ ಕೇಳೋದಾ ಸಾರ್?"

"ದೂರು ಎಲ್ಲಮ್ಮ ಕೊಟ್ಟಿದೀರಾ? ಇದು ಅರ್ಜಿ."

ಅವರು ಹೇಳಿದ್ದು ಸರಿ ಇತ್ತು. ಗುಂಡು ಹಾರಿದ ದಿನ ನಾವು ಠಾಣೆಗೆ ಹೋಗಿರಲಿಲ್ಲ; ಹೋಗುವ ಧೈರ್ಯ ಇರಲಿಲ್ಲ. ಆ ಧೈರ್ಯದ ಬದಲಿಗೇ ನಾನು ಬಂದೂಕು ಕೇಳಿದ್ದೆ.

ಯಜಮಾನರು ಅಪ್ಪನ ಕಡೆ ತಿರುಗಿದರು. "ಏನ್ಲಾ, ನನ್ ಕಂಡ್ರೆ ಬಯವೇನ್ಲಾ ನಿಂಗೆ? ಏಳು, ಸಾಯೇಬ್ರು ಬರ್ಕಳ್ಳಿ."

ಅಪ್ಪ ಚಪ್ಪಲಿಗಳನ್ನು ನೋಡುತ್ತಿದ್ದ. ಹೌದೆಂದರೆ ನಾಳೆ ಬದುವಿನ ಮೇಲೆ ಯಾರು ನಿಲ್ಲುತ್ತಾರೆಂದು ಗೊತ್ತಿತ್ತು. ಇಲ್ಲವೆಂದರೆ ಅರ್ಜಿ ಅಲ್ಲೇ ಸತ್ತಿತು.

"ಎಷ್ಟ್ ಸಲ ನಿನ್ ತೊಡೆ ಮ್ಯಾಲೆ ಮಡಗಿದೀನಿ ನನ್ ಗನ್ನ," ಎಂದರು ಯಜಮಾನರು, ಈಗ ಮೆತ್ತಗೆ. "ನಾನಿರೋವಾಗ ನಿಂಗ್ಯಾಕ್ಲಾ ಇನ್ನೊಂದು?"

"ಬಯ ಏನಿಲ್ಲ ಸಾಮಿ," ಎಂದ ಅಪ್ಪ.

ಹೆಡ್ ಕಾನ್‌ಸ್ಟೆಬಲ್ ಬರೆದುಕೊಂಡರು.

ದಾರಿಯುದ್ದಕ್ಕೂ ನಾನು ವಾದಿಸಿದೆ. ಹೌದು ಅಂದಿದ್ದರೆ ದಾಖಲೆಯಲ್ಲಿ ಉಳಿಯುತ್ತಿತ್ತು ಎಂದೆ. ಅಪ್ಪ ಮೋರಿಯ ಹತ್ತಿರ ನಿಂತ. "ನೀನು ಮಾತಾಡಿ ಬಸ್ ಅತ್ಕೊಂಡು ಕಾಲೇಜಿಗೆ ಓಯ್ತೀಯ. ನಾಳೆ ಅಲ್ಲಿ ಬಗ್ಗೋಳು ನಿಮ್ಮವ್ವ." ಮುಂದೆ ನಡೆದ.

ತಿಂಗಳುಗಳ ನಂತರ ಕಾಗದ ಬಂತು: ಅರ್ಜಿದಾರರಿಗೆ ಯಾವುದೇ ಬೆದರಿಕೆ ಇರುವುದು ಸ್ಥಳೀಯ ವಿಚಾರಣೆಯಿಂದ ಕಂಡುಬಂದಿರುವುದಿಲ್ಲ, ಆದ್ದರಿಂದ ಲೈಸೆನ್ಸ್ ಅರ್ಜಿಯನ್ನು ತಿರಸ್ಕರಿಸಲಾಗಿದೆ. ಬಸ್‌ಸ್ಟಾಪಿನಲ್ಲಿ ಗೆಳತಿಗೆ ತೋರಿಸಿದೆ. ಚುಚ್ಚುತ್ತಾಳೆ ಎಂದುಕೊಂಡಿದ್ದೆ. ಅವಳು ಓದಿ, ಮಡಚಿ, "ಅವ್ವ ಹೊಲಕ್ಕ ಹೊಂಟಾರೇನ?" ಎಂದಷ್ಟೇ ಕೇಳಿದಳು.

ಬಂದೂಕು ಎಲ್ಲರ ಹಕ್ಕು ಎನ್ನುವವರ ವಾದವನ್ನು ನಾನೇ ಗೆಲ್ಲಿಸಿದ್ದೆ. ಆದ್ದರಿಂದ ಅದರ ತೂತು ನನಗೆ ಚೆನ್ನಾಗಿ ಗೊತ್ತು. ಹಕ್ಕು ಎಲ್ಲರದೂ ಎಂದು ಬರೆಯಬಹುದು. ಆದರೆ ನಮ್ಮ ಕೇರಿಗೆ ಬರಬೇಕಾದರೆ ಅದು ಆ ಜಗಲಿಯನ್ನು ದಾಟಿಯೇ ಬರಬೇಕು. ದಾಟಿತು ಎಂದೇ ಇಟ್ಟುಕೊಳ್ಳಿ. ಅಪ್ಪನೂ ಒಂದು ಬೆಳಿಗ್ಗೆ ಯಜಮಾನರ ಮನೆಯವರು ಬಗ್ಗಿದ್ದಾಗ ಆಕಾಶಕ್ಕೆ ಗುಂಡು ಹಾರಿಸಿ "ಹಂದಿ ಬಂದಂಗಾಯ್ತು" ಎಂದಿದ್ದರೆ, ಆ ಹಂದಿಯನ್ನು ಯಾರು ನಂಬುತ್ತಿದ್ದರು?

ಹಾಗೆಂದು ಕೈಕಟ್ಟಿ ಕೂರಿ ಎನ್ನುವವರ ಕಡೆಗೂ ನಾನಿಲ್ಲ. ಅವರ ಮನೆಯ ಹೆಂಗಸರ ತಲೆಯ ಮೇಲೆ ಏನೂ ಹಾರಿಲ್ಲ.

ಆಮೇಲೆ ಚುನಾವಣೆ ಘೋಷಣೆಯಾಯಿತು. ಮರುದಿನ ಬೆಳಿಗ್ಗೆ ಜೀಪು ನಮ್ಮ ಮನೆ ಮುಂದೆ ನಿಂತು ಹಾರ್ನ್ ಹೊಡೆಯಿತು. ಅಪ್ಪ ಹೊರಗೆ ಹೋದ, ಹತ್ತಲಿಲ್ಲ.

"ಅತ್ಲಾ, ಒತ್ತಾಯ್ತು."

"ನಂಗೆ ಲೈಸೆನ್ಸ್ ಇಲ್ಲ ಸಾಮಿ. ಮುಟ್ಟಂಗಿಲ್ಲ." ಅಂಗಿಯ ಜೇಬಿನಿಂದ ಆ ಕಾಗದ ತೆಗೆದ. "ಬರ್ದು ಕಳ್ಸವ್ರೆ."

ಯಜಮಾನರು ಬಾಗಿಲಲ್ಲಿದ್ದ ನನ್ನನ್ನು ನೋಡಿದರು. "ಯಾರ್ಲಾ ಏಳ್ಕೊಟ್ಟಿದ್ದು ನಿಂಗೆ?"

"ಸರ್ಕಾರ ಸಾಮಿ."

ಇಂಜಿನ್ ಗುರ್ ಎನ್ನುತ್ತಲೇ ಇತ್ತು. ಪಕ್ಕದ ಮನೆಯವರು ಬಾಗಿಲಿಗೆ ಬಂದರು. ಅಪ್ಪ ಕಾಗದವನ್ನು ಮಡಚಿ ಜೇಬಿಗಿಟ್ಟು ಅಲ್ಲೇ ನಿಂತ. ಕೊನೆಗೆ ಯಜಮಾನರು ಇಳಿದು, ಹಿಂದಿದ್ದ ಬೆಡ್‌ಶೀಟಿನ ಗಂಟನ್ನು ತಾವೇ ಎತ್ತಿ ಮುಂದಿನ ಸೀಟಿಗೆ ಹಾಕಿಕೊಂಡು ಹೋದರು.

ಹದ್ದುಬಸ್ತಿಗೆ, ಅಂದರೆ ಜಮೀನಿನ ಗಡಿ ಅಳೆಸಿ ಕಲ್ಲು ಹಾಕಿಸುವುದಕ್ಕೆ, ಅಪ್ಪ ಯಾವಾಗಲೋ ಅರ್ಜಿ ಕೊಟ್ಟಿದ್ದ, ನನಗೂ ಹೇಳಿರಲಿಲ್ಲ. ಸರ್ವೇಯರ್ ಹಿಂದೊಮ್ಮೆ ಬಂದು, ಬಂದೂಕು ಹಿಡಿದು ಬದುವಿನ ಮೇಲೆ ನಿಂತ ಯಜಮಾನರನ್ನು ನೋಡಿ, ಅಳತೆಯ ಚೈನ್ ಬಿಚ್ಚದೆ ಹೋಗಿದ್ದರಂತೆ. ಈ ಸಲ, ಬಂದೂಕು ಠಾಣೆಯಲ್ಲಿದ್ದಾಗ ಬಂದು, ಬಿಚ್ಚಿದರು. ಮಧ್ಯಾಹ್ನದೊಳಗೆ ನಾಲ್ಕೂ ಮೂಲೆಗೆ ಕಲ್ಲು ಬಿತ್ತು. ನಾನು ಹುಟ್ಟಿದಾಗಿನಿಂದ ಆ ಮನೆಯೂ ನಮ್ಮ ಮನೆಯೂ ಸರಿಸಮ ಇದ್ದದ್ದು ಚುನಾವಣೆಯ ಅಂಥ ಕೆಲವು ವಾರಗಳಲ್ಲಿ ಮಾತ್ರ: ಎರಡರಲ್ಲೂ ಬಂದೂಕಿರಲಿಲ್ಲ.

ಎಣಿಕೆ ಮುಗಿದು ಬಂದೂಕು ವಾಪಸ್ ಬಂದ ಮೂರನೇ ದಿನ ಜೀಪು ಬದುವಿನ ಹತ್ತಿರ ನಿಂತಿತು. ಭಾನುವಾರ, ನಾನೂ ಸಾಲಿನಲ್ಲಿದ್ದೆ. ಯಜಮಾನರು ಇಳಿದರು, ಹೆಗಲ ಮೇಲೆ ಎರಡು ನಳಿಗೆ. ಹೊಸ ಕಲ್ಲನ್ನು ಕಾಲಿನ ತುದಿಯಿಂದ ಒತ್ತಿ ನೋಡಿದರು.

"ಅಂದಿ ಕಾಟ ಜಾಸ್ತಿ ಆಗೈತೆ," ಎಂದರು. "ಉಸಾರು."

ಅವ್ವ ಎದ್ದಳು. ಸೊಂಟಕ್ಕೆ ಕೈ ಕೊಟ್ಟು ನಿಧಾನಕ್ಕೆ, ಪೂರ್ತಿ ಎದ್ದು ನಿಂತಳು. "ನಿಂತಿವ್ನಿ ಸಾಮಿ. ಈಗ ಕಾಣ್ತೀನಾ?"

ಯಜಮಾನರು ಕಲ್ಲಿನ ಹತ್ತಿರವೇ ಬಹಳ ಹೊತ್ತು ನಿಂತಿದ್ದರು. ನಮ್ಮಲ್ಲಿ ಯಾರೂ ಬಗ್ಗಲಿಲ್ಲ. ಆಮೇಲೆ ಜೀಪು ಹತ್ತಿ ಹೋದರು. ಅವತ್ತೇ ಠಾಣೆಗೆ ಹೋಗಿ ದೂರು ಕೊಟ್ಟೆವು. ಬರೆದದ್ದು ನಾನು, ಹೇಳಿದ್ದು ಅವ್ವ, ಒಂದು ವಾಕ್ಯವನ್ನೂ ಅಲಂಕರಿಸಲು ಬಿಡಲಿಲ್ಲ. ಸ್ವೀಕೃತಿ ಚೀಟಿ ಅಪ್ಪನ ಜೇಬಿನಲ್ಲಿದೆ. ಬಂದೂಕು ಅವರ ಮನೆಯಲ್ಲೇ ಇದೆ.

ಈಗ ಒಬ್ಬರು ಸೊಪ್ಪು ಕೀಳುವಾಗ ಇನ್ನೊಬ್ಬರು ಬದುವಿನ ಕಡೆ ಮುಖ ಮಾಡಿ ನಿಂತಿರುತ್ತೇವೆ. ಭಾನುವಾರ ನನ್ನ ಸರದಿ. ಬಾಯಿ ಮುಚ್ಚಿಕೊಂಡು ನಿಲ್ಲುವುದು ನನಗಿನ್ನೂ ಸರಿಯಾಗಿ ಬಂದಿಲ್ಲ.